ಎರಡು ಹಾಳೆಗಳ ನಡುವಿನ ದಾರಿ

ಮತ್ತೆ ಬಾಯಿ ಹಾಕಿದಿರಾ? ಒಂದು ಸಲ ಶುರು ಮಾಡಿದೆ, ಮಗಳು ನೀರು ಬೇಕು ಅಂತ ಎದ್ದಳು. ಇನ್ನೊಂದು ಸಲ ಶುರು ಮಾಡಿದೆ, ಎದುರುಮನೆಯವರ ಫೋನು ಹಾಡು ಹೇಳಿತು. ಈಗ ನೋಡಿದರೆ ದರ್ಜಿಯ ಹೆಂಡತಿಗೆ ದೊಡ್ಡ ಸಂಶಯ, ದೆವ್ವದ ಪಾದ ಮುಂದಕ್ಕಿರುತ್ತದೋ ಹಿಂದಕ್ಕೋ ಅಂತ. ಅಮ್ಮಾ ತಾಯಿ, ನಾನು ಪಾದ ನೋಡಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ನೋಡಿದೆವು ಅನ್ನುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರನ್ನು ಕೇಳು, ಪಾದಕ್ಕೆ ಚಪ್ಪಲಿಯನ್ನೂ ಹಾಕಿಸಿ ಹೇಳುತ್ತಾರೆ. ನಾನು ಕಿವಿಗೆ ಬಿದ್ದದ್ದನ್ನು ಮಾತ್ರ ಹೇಳುವವಳು. ಹೇಳಲೋ, ಎದ್ದು ಹೋಗಲೋ?

ಸರಿ ಹಾಗಾದರೆ. ಕರೆಂಟು ಬರುವ ತನಕ.

ಇದು ಮೊದಲು ಆದದ್ದು ನಮ್ಮ ಭಾವನಿಗೆ. ಭಾವ ಅಂದರೆ ನಮ್ಮೆಜಮಾನರ ಅಣ್ಣ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾರೆ. ಊರೆಲ್ಲ ಅವರನ್ನು ನಕ್ಷೆ ಮೇಷ್ಟ್ರು ಅನ್ನುತ್ತದೆ. ಅದನ್ನವರು ಬಿರುದು ಅಂತ ತಿಳಿದುಕೊಂಡಿದ್ದಾರೆ.

ಅವತ್ತು ಅವರು ಗುಡ್ಡದಿಂದ ಇಳಿದು ಬರುವಾಗ ಹೊತ್ತಾಗಿತ್ತು. ಒಬ್ಬರೇ. ತಲೆಯ ಮೇಲೆ ಗದ್ದಕ್ಕೆ ದಾರ ಕಟ್ಟಿದ ಟೊಪ್ಪಿ. ಕತ್ತಲಲ್ಲಿ ಯಾವ ಬಿಸಿಲು ಹೊಡೆಯುತ್ತಿತ್ತೋ ದೇವರಿಗೇ ಗೊತ್ತು. ಬೆನ್ನಿಗೆ ಕೊಳವೆ, ಅದರೊಳಗೆ ಸುತ್ತಿಟ್ಟ ನಕ್ಷೆ. ಹೊಲದ ಅಂಚಿನಲ್ಲಿ ಹಾಳು ಬಾವಿ ಇದೆಯಲ್ಲ, ಅದರ ಹತ್ತಿರ ಬಂದರು. ಆ ಬಾವಿಯ ರಾಟೆಗೆ ಹಗ್ಗ ಇಲ್ಲ... ಎಷ್ಟೋ ಕಾಲದಿಂದ ಇಲ್ಲ. ಆದರೂ ರಾಟೆ ಒಂದು ಸುತ್ತು ತಿರುಗಿತು. ಕಿರ್... ರ್... ರ್. ನಿಂತಿತು.

ಹಿಂದಿನಿಂದ ಯಾರೋ ಪಿಸುಗುಟ್ಟಿದರು.

"ದಾರಿ ಬಿಟ್ಟರಾ?"

ಬೇರೆ ಯಾರಾದರೂ ಆಗಿದ್ದರೆ ಚಪ್ಪಲಿ ಬಿಟ್ಟು ಓಡುತ್ತಿದ್ದರು. ನಮ್ಮ ಭಾವ ಎದೆ ಉಬ್ಬಿಸಿ ನಿಂತರು. ಯಾರಾದರೂ ಕೇಳಲಿ ಅಂತ ಕಾದಿದ್ದ ಪ್ರಶ್ನೆ ಅದು.

"ಬಿಟ್ಟಿದ್ದೇವೆ. ನಾನೇ ಬಿಡಿಸಿದ್ದು."

ಒಣಹುಲ್ಲು ಸರಸರ ಅಂದಿತು.

"ಕೊನೇವರೆಗೂ?"

"ಕೊನೇವರೆಗೂ," ಅಂದರು ಭಾವ.

ಟಾರ್ಚ್ ತಿರುಗಿಸಿದರೆ ಯಾರೂ ಇಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿದರು, "ನೋಡಿ, ಹಳ್ಳಿ ಜನ ಎಷ್ಟು ಸಂಕೋಚದವರು. ಥ್ಯಾಂಕ್ಸ್ ಹೇಳೋಕೂ ನಾಚ್ಕೊಂಡು ಕತ್ತಲಲ್ಲಿ ಬರ್ತಾರೆ." ಹೀಗೆ ಅಂದವರು ಇನ್ನೊಂದು ಸಲ ಬಡಿಸಿಕೊಂಡು ಉಂಡರು.

ಯಾವ ದಾರಿ ಅಂತ ಕೇಳುತ್ತೀರಿ. ಹೇಳುತ್ತೇನೆ, ತಾಳಿ.

ನಮ್ಮ ಭಾವನದ್ದೊಂದು ಇತಿಹಾಸ ಬಳಗ. ಬ್ಯಾಂಕಿನಿಂದ ರಿಟೈರಾದವರೊಬ್ಬರು, ಹಲ್ಲಿನ ಡಾಕ್ಟರೊಬ್ಬರು, ಯಾವಾಗಲೂ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡಿರುವ ಸ್ಟುಡಿಯೋದವನು. ವಾರಕ್ಕೊಮ್ಮೆ ನಮ್ಮ ಹಜಾರದಲ್ಲಿ ಕೂತು ಟೀ ಕುಡಿದು, ಲೋಟಗಳನ್ನು ಇದ್ದಲ್ಲೇ ಬಿಟ್ಟು ಹೋಗುತ್ತಾರೆ. ಸಾವಿರ ವರ್ಷದ ಹಿಂದೆ ಯಾರು ಎಲ್ಲಿ ಕೂತಿದ್ದರು ಅಂತ ಹೇಳಬಲ್ಲರು. ತಾವು ಕುಡಿದ ಲೋಟ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿಲ್ಲ. ಇವರ ಕೆಲಸ ಏನೆಂದರೆ, ಹಳೇ ಸರ್ವೆ ನಕ್ಷೆಗಳ ಪ್ರತಿ ತರಿಸುವುದು, ಅದನ್ನು ಹಿಡಿದುಕೊಂಡು ಸುತ್ತಮುತ್ತಲ ಹಳ್ಳಿಗಳನ್ನು ಸುತ್ತುವುದು, ನಕ್ಷೆಯಲ್ಲಿ ಇದ್ದದ್ದು ಈಗಲೂ ಇದ್ದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು ಗುರುತು ಹಾಕುವುದು.

ನಕ್ಷೆಯ ಮೇಲೆ ನನಗೆ ಸಿಟ್ಟಿಲ್ಲ. ಸುಳ್ಳು ಯಾಕೆ ಹೇಳಲಿ, ಅವು ಚೆನ್ನಾಗಿದ್ದವು. ಬಸ್ ಸ್ಟ್ಯಾಂಡ್ ಇರುವ ಕಡೆ ಕೆರೆ. ಡಾಕ್ಟರ ಕ್ಲಿನಿಕ್ಕು ಇರುವ ಕಡೆ ಕೊಂಡವಾಡ, ಅಂದರೆ ಬೀದಿ ದನ ಕೂಡಿಹಾಕುವ ಜಾಗ. ಅದನ್ನು ನೋಡಿ ನಾನೂ ನಮ್ಮಕ್ಕನೂ ಎಷ್ಟು ನಕ್ಕೆವು. ಅಕ್ಕ ಅಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ.

ನಮ್ಮ ಮನೆ ಹಿಂದಿನ ಗುಡ್ಡದ್ದು ಬೇರೆ ಬೇರೆ ಕಾಲದ ಮೂರು ನಕ್ಷೆಗಳನ್ನು ತರಿಸಿದ್ದರು. ತೀರಾ ಹಳೆಯದರಲ್ಲಿ ಗುಡ್ಡದ ಮೇಲೆ ಒಂದಿಷ್ಟು ಕಪ್ಪು ಚೌಕಗಳು. ಮನೆಗಳು. ಒಂದು ಪುಟ್ಟ ಹಳ್ಳಿ. ಅಲ್ಲಿಂದ ಚುಕ್ಕೆ ಚುಕ್ಕೆಯಾಗಿ ಒಂದು ಕಾಲುದಾರಿ ಇಳಿದು ಬಾವಿಗೆ ಬರುತ್ತಿತ್ತು. ಎರಡನೆಯದರಲ್ಲಿ ಮನೆಗಳಿವೆ, ದಾರಿ ಇಲ್ಲ. ಮೂರನೆಯದರಲ್ಲಿ ಮನೆಗಳೂ ಇಲ್ಲ. ಬರೀ ಗುಡ್ಡ, ಕುರುಚಲು.

"ಭಾವ, ಮೊದಲು ದಾರಿ ಹೋಗಿದೆ, ಆಮೇಲೆ ಮನೆ ಹೋಗಿವೆ. ಮನೆ ಇದ್ದು ದಾರಿ ಇಲ್ಲದಿದ್ರೆ ಆ ಜನ ನೀರಿಗೆ ಹೇಗೆ ಬರ್ತಿದ್ರು?" ಅಂತ ಕೇಳಿದೆ.

"ಅದು ಸರ್ವೆಯವನು ಬಿಟ್ಟಿರೋದಮ್ಮ. ಬಿಡು, ಹತ್ತನೇ ಕ್ಲಾಸಿನ ತಲೆಗೆ ಇದೆಲ್ಲ ಭಾರ ಆಗುತ್ತೆ."

"ತಲೆ ಭಾರ ಇದ್ರೆ ಒಳ್ಳೇದೇ ಭಾವ. ಗಾಳಿಗೆ ಟೊಪ್ಪಿ ಹಾರೋದಿಲ್ಲ."

ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಅಡುಗೆಮನೆಗೆ ಓಡಿದಳು.

ಆ ಕಾಲುದಾರಿಯನ್ನು ಮತ್ತೆ ತೆರೆಯಬೇಕು ಅಂತ ಬಳಗಕ್ಕೆ ಹುಚ್ಚು ಹತ್ತಿತು. ಭಾನುವಾರ ಒಬ್ಬ ದೊಡ್ಡ ಸಾಹೇಬರು ಬಂದು ಟೇಪು ಕತ್ತರಿಸುವುದು, ಜನರೆಲ್ಲ ಅದರ ಮೇಲೆ ನಡೆಯುವುದು, ಪೇಪರಿನಲ್ಲಿ ಫೋಟೋ ಬರುವುದು. ಕೂಲಿಯವರನ್ನು ಕರೆದು ಮುಳ್ಳು ಸವರಿಸಿದರು. ಗುಡ್ಡದ ಅರ್ಧದಲ್ಲಿ ಎರಡು ಬಂಡೆಗಳ ನಡುವೆ, ದಾರಿಗೆ ಅಡ್ಡ, ಎದೆಮಟ್ಟ ಕಲ್ಲು ಪೇರಿಸಿದ್ದ ಗೋಡೆ ಇತ್ತು. ಕೋಟೆಯ ತುಂಡು ಅಂದರು ಬ್ಯಾಂಕಿನವರು. ಕುರಿದೊಡ್ಡಿ ಅಂದರು ಭಾವ. ಹಲ್ಲಿನ ಡಾಕ್ಟರು ಅದರ ಮುಂದೆ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡರು. ಆಮೇಲೆ ಕೆಡವಿಸಿದರು. ಅಷ್ಟೂ ಕಲ್ಲು ಪಕ್ಕಕ್ಕೆ ಉರುಳಿದ ಸಂಜೆಯೇ ಭಾವನಿಗೆ ಬಾವಿಯ ಹತ್ತಿರ ಆ ಪ್ರಶ್ನೆ ಕೇಳಿಸಿದ್ದು.

ಅದೇ ರಾತ್ರಿ ಶುರುವಾಯಿತು.

ನಾನೂ ಮಗಳೂ ಮಲಗುವುದು ಹಿಂದಿನ ಕೋಣೆಯಲ್ಲಿ. ಯಜಮಾನರು ಲಾರಿ ಹತ್ತಿದರೆ ಹದಿನೈದು ದಿನ ಮುಖ ತೋರಿಸುವವರಲ್ಲ. ಆ ಕೋಣೆಯ ಹಿಂಗೋಡೆಗೆ ಬಾಗಿಲಿಲ್ಲ, ಕಿಟಕಿಯೂ ಇಲ್ಲ. ಆಚೆ ಹೊಲ. ಹೊಲದಾಚೆ ಬಾವಿ.

ಥಪ್... ಥಪ್.

ಬೆರಳ ಗಂಟಿನಿಂದ ಬಡಿದರೆ ಬೇರೆ ಸದ್ದು ಬರುತ್ತದೆ. ಇದು ಅಂಗೈಯಿಂದ ತಟ್ಟಿದ್ದು. ಮೆಲ್ಲಗೆ. ಆಮೇಲೆ ಗೋಡೆಯ ಉದ್ದಕ್ಕೂ ಕೈ ಸವರಿಕೊಂಡು ಹೋದ ಹಾಗೆ... ಸರ್... ರ್... ಮೂಲೆ ತನಕ. ಮತ್ತೆ ಅಲ್ಲಿಂದ ವಾಪಸ್. ಒಂದು ಕೈ ಅಲ್ಲ.

ಮಗಳನ್ನು ನಾವು ಗುಬ್ಬಿ ಅನ್ನುತ್ತೇವೆ. ಅವಳು ನಿದ್ದೆಗಣ್ಣಲ್ಲೇ ಹೇಳಿದಳು, "ಅಮ್ಮಾ, ಬಾಗಿಲು ಎಲ್ಲಿ ಅಂತ ಕೇಳ್ತಿದ್ದಾರೆ."

"ಯಾರು?"

"ತುಂಬಾ ಜನ."

ಬೆಳಿಗ್ಗೆ ಯಜಮಾನರಿಗೆ ಫೋನು ಮಾಡಿದೆ. "ಇಲಿ ಇರಬೇಕು ಕಣೇ," ಅಂದರು. "ಇದೆ ರೀ, ನಿಮ್ಮ ತಲೆಯೊಳಗೆ," ಅಂತ ಇಟ್ಟುಬಿಟ್ಟೆ.

ಮೂಲೆಮನೆ ಅಜ್ಜಿಗೆ ಗುಡ್ಡದ ಕಲ್ಲುಗೋಡೆ ಕೆಡವಿದ ವಿಷಯ ಹೇಳಿದೆ. ಅವಳ ಕೈಯಲ್ಲಿದ್ದ ಮೊರ ಹಾಗೇ ನಿಂತಿತು.

"ಆ ಕಲ್ಲು ತೆಗೆದ್ರಾ?"

"ಯಾಕಜ್ಜಿ?"

"ಗುಡ್ಡದ ಮೇಲಿನವರಿಗೆ ಏನೋ ರೋಗ ಬಂದಿತ್ತಂತೆ. ಅವರು ಇಳಿದು ಬಂದು ನಮ್ಮ ಊರಿನೊಳಗಿಂದ ಹೊಳೆ ದಾಟಬಾರದು, ನಮಗೆ ಅಂಟಬಾರದು ಅಂತ ನಮ್ಮ ಊರಿನ ದೊಡ್ಡವರು ರಾತ್ರೋರಾತ್ರಿ ಕಲ್ಲು ಪೇರಿಸಿದ್ರಂತೆ. ದೊಣ್ಣೆ ಹಿಡಿದು ಕಾವಲು ಕೂತಿದ್ರಂತೆ. ನಮ್ಮಜ್ಜಿ ಒಂದೇ ಸಲ ಹೇಳಿದ್ದು. ಇನ್ನೊಂದು ಸಲ ಕೇಳಿದ್ದಕ್ಕೆ ಹೊಡೆದಳು."

"ಆಮೇಲೆ?"

"ಆಮೇಲೇನು ಮಗಾ. ಕೆಳಗಿನವರು ಬದುಕಿಕೊಂಡ್ರು."

ದೊಡ್ಡವರಂತೆ! ನೀರಿನ ದಾರಿಗೆ ಕಲ್ಲು ಇಟ್ಟ ಮಹಾನುಭಾವರು. ಅವರ ಪೈಕಿ ಇಬ್ಬರು ಮೂವರ ಫೋಟೋಗಳು ಪಂಚಾಯ್ತಿ ಗೋಡೆಯ ಮೇಲೆ ಈಗಲೂ ನೇತಾಡುತ್ತಿವೆ, ಮೀಸೆ ಸಮೇತ.

ಇಷ್ಟಕ್ಕೇ ನಿಂತಿದ್ದರೆ ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಿದ್ದೆ. ಆದರೆ ಇನ್ನೊಂದು ರಾತ್ರಿ ಎಚ್ಚರವಾದಾಗ ಗುಬ್ಬಿ ಹಾಸಿಗೆಯಲ್ಲಿ ಇರಲಿಲ್ಲ. ಖರ್... ಖರ್... ಅಂತ ಸದ್ದು. ಗೋಡೆಯ ಬುಡದಲ್ಲಿ ಕೂತು ಚಮಚದಿಂದ ಗಾರೆ ಕೆರೆಯುತ್ತಿದ್ದಳು. ಎಷ್ಟು ಹೊತ್ತಿನಿಂದ ಕೆರೆದಿದ್ದಳೋ, ಚಮಚ ಬಾಗಿತ್ತು. ಇನ್ನೊಂದು ಕೈಯ ಉಗುರಿನಲ್ಲಿ ರಕ್ತ.

"ಏನು ಮಾಡ್ತಿದ್ದೀಯೇ?"

"ಅವರಿಗೆ ಬಾಗಿಲು."

ಅವತ್ತೇ ಮಂಚ ಎಳೆದು ಹಜಾರಕ್ಕೆ ಹಾಕಿದೆ. ಕಬ್ಬಿಣದ ಮಂಚ. ನಾನೂ ಅಕ್ಕನೂ ಇಬ್ಬರೂ ಹಿಡಿದು ಎಳೆದೆವು, ನೆಲದ ಮೇಲೆ ಕೀಚ್ ಅಂತ ಕಿರುಚಿತು. ಮರುದಿನ ರಾತ್ರಿ ಗುಬ್ಬಿ ಹಜಾರದಿಂದ ಎದ್ದು ಹೋಗಿ ಮತ್ತೆ ಅದೇ ಗೋಡೆಯ ಬುಡದಲ್ಲಿ ಕೂತಿದ್ದಳು. ಚಮಚ ಬಚ್ಚಿಟ್ಟಿದ್ದೆ. ಬರೀ ಕೈಯಲ್ಲಿ ಕೆರೆಯುತ್ತಿದ್ದಳು.

ಆಗ ನನಗೆ ತಲೆ ಕೆಟ್ಟಿತು. ಬಾವಿಯಿಂದ ನಮ್ಮ ಮನೆಗೇ ಯಾಕೆ ಬರಬೇಕು? ಹೊಳೆಗೆ ಹೋಗುವವರು ಹೊಳೆಗೆ ಹೋಗಬೇಕು ತಾನೆ? ಭಾವನ ಆ ತೀರಾ ಹಳೇ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದೆ. ಅದು ಎರಡು ಹಾಳೆ ಸೇರಿಸಿ ಅಂಟಿಸಿದ್ದು. ಗುಡ್ಡ, ಬಾವಿ ಒಂದು ಹಾಳೆಯಲ್ಲಿ. ಹೊಳೆ ಇನ್ನೊಂದರಲ್ಲಿ. ನಡುವೆ ಒಂದರ ಮೇಲೆ ಒಂದು ಅಗಲವಾಗಿ ಕೂತಿತ್ತು.

"ಗೋಂದು ನಾನೇ ಕಲಸಿ ಕೊಟ್ಟೆ," ಅಂದಳು ಅಕ್ಕ. "ಇಷ್ಟು ಅಗಲ ಯಾಕ್ರೀ ಮೇಲೆ ಬರ್ತಿದೆ ಅಂದ್ರೆ, ನಿನಗೆ ತಿಳಿಯೋದಿಲ್ಲ ಅಂದ್ರು."

ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ. ಮೇಲಿನ ಹಾಳೆಯ ಅಡಿಯಿಂದ ಚುಕ್ಕೆಗಳು ಕಂಡವು. ದಾರಿ ಬಾವಿಗೆ ನಿಂತಿರಲಿಲ್ಲ. ಹೊಳೆಯ ದೋಣಿ ಕಟ್ಟೆಯ ತನಕ ನೆಟ್ಟಗೆ ಹೋಗಿತ್ತು. ಆ ಗೋಂದಿನ ಪಟ್ಟಿಯ ನಟ್ಟನಡುವೆ, ಚುಕ್ಕೆಗಳ ಮೇಲೆ, ಭಾವನೇ ಪೆನ್ಸಿಲ್ಲಿನಲ್ಲಿ ಒಂದು ಚಿಕ್ಕ ಚೌಕ ಬರೆದು ಆಮೇಲೆ ಅಳಿಸಿದ್ದರು. ನಮ್ಮ ಮನೆ.

ಭಾವ ಸ್ಕೂಲಿನಿಂದ ಬಂದರು. ನಕ್ಷೆ ಹರಡಿದ್ದು ನೋಡಿ ಮುಖ ಸಪ್ಪಗಾಯಿತು.

"ನಿಮಗೆ ಗೊತ್ತಿತ್ತು," ಅಂದೆ.

"ಮೆಲ್ಲಗೆ ಮಾತಾಡಮ್ಮ. ಸರ್ಕಾರಿ ದಾರಿ ಮೇಲೆ ಮನೆ ಅಂತ ಊರಿಗೆ ಗೊತ್ತಾದ್ರೆ ಒತ್ತುವರಿ ಅಂತಾರೆ. ಅಪ್ಪ ಕಟ್ಟಿಸಿದ ಮನೆ."

"ಬೇರೆಯವರ ಮನೆ ಆಗಿದ್ರೆ ಕೆಂಪು ಗುರುತು ಹಾಕಿ ಪೇಪರಿಗೆ ಕೊಡ್ತಿದ್ರಿ. ಅಲ್ಲ ಭಾವ, ಕೊನೇವರೆಗೂ ಬಿಟ್ಟಿದ್ದೇವೆ ಅಂತ ಯಾವ ಬಾಯಲ್ಲಿ ಹೇಳಿದ್ರಿ?"

"ಯಾರೋ ದಾರಿಹೋಕ ಅಂದ್ಕೊಂಡೆ..."

"ದಾರಿಹೋಕರೇ. ದಾರಿ ಹುಡುಕ್ಕೊಂಡು ಬಂದಿದ್ದಾರೆ. ಕಲ್ಲು ವಾಪಸ್ ಪೇರಿಸಿ."

"ಭಾನುವಾರ ಸಾಹೇಬರು ಬರ್ತಾರಮ್ಮಾ!"

ಗುಬ್ಬಿಯ ಬೆರಳುಗಳಿಗೆ ಬಟ್ಟೆ ಸುತ್ತಿದ್ದೆ. ಆ ಕೈ ಹಿಡಿದು ಅವರ ಮುಖದ ಮುಂದೆ ಇಟ್ಟೆ. ನಮ್ಮ ಭಾವ ಟೊಪ್ಪಿಯ ದಾರ ಬಿಚ್ಚಿದರು, ಕಟ್ಟಿದರು, ಬಿಚ್ಚಿದರು. ಅಷ್ಟೇ ಅವರಿಂದ ಆದದ್ದು.

ಶನಿವಾರ ಮಟಮಟ ಮಧ್ಯಾಹ್ನ ನಾನೂ ಅಕ್ಕನೂ ಗುಡ್ಡ ಹತ್ತಿದೆವು. ನನಗೆ ನನ್ನ ಮಗಳು ಮುಖ್ಯ. ಇತಿಹಾಸ ಹಾಳಾಗಿ ಹೋಗಲಿ. ಸುಡುಬಿಸಿಲು, ಒಂದು ಹಕ್ಕಿಯ ಸದ್ದಿಲ್ಲ. ಎರಡು ಬಂಡೆಗಳ ನಡುವೆ ಒಂದು ಕಲ್ಲು ಇಟ್ಟೆ. ಅದರ ಮೇಲೆ ಇನ್ನೊಂದು ಇಟ್ಟೆ. ಠಣ್ ಅಂತು. ಮೂರನೆಯದಕ್ಕೆ ಬಗ್ಗಿದೆ...

ಕಲ್ಲಿನ ಆಚೆ ಕಡೆಯಿಂದ, ಮುಖಕ್ಕೆ ಉಸಿರು ತಾಗುವಷ್ಟು ಹತ್ತಿರ, ಒಬ್ಬ ಹೆಂಗಸು ಅಂದಳು.

"ಮತ್ತೆನಾ ತಾಯಿ?"

ಸಿಟ್ಟಿರಲಿಲ್ಲ. ಸುಸ್ತಾದ ದನಿ. ಅದರ ಹಿಂದೆ ಯಾವುದೋ ಮಗು ಕೆಮ್ಮಿತು. ಒಣ ಕೆಮ್ಮು, ಎರಡು ಸಲ... ಅದನ್ನು ಎದೆಗೆ ಒತ್ತಿಕೊಂಡು ಸುಮ್ಮನಾಗಿಸಿದ ಹಾಗೆ ಅರ್ಧಕ್ಕೆ ನಿಂತಿತು.

ಅಕ್ಕ ಆಗಲೇ ಓಡಿದ್ದಳು. ಅವಳ ಒಂದು ಚಪ್ಪಲಿ ಮುಳ್ಳಲ್ಲಿ ಸಿಕ್ಕಿತ್ತು. ನಾನು ಓಡಲಿಲ್ಲ. ಇಟ್ಟಿದ್ದ ಎರಡು ಕಲ್ಲುಗಳನ್ನೂ ತೆಗೆದು ಪಕ್ಕಕ್ಕಿಟ್ಟೆ. ಆ ಮೀಸೆಯವರು ಮಾಡಿದ ಕೆಲಸವನ್ನು ನಾನೂ ಮಾಡಿದರೆ ಅವರಿಗೂ ನನಗೂ ಏನು ವ್ಯತ್ಯಾಸ? ಆದರೆ ದಾರಿ ಮುಚ್ಚದಿದ್ದರೆ ಮಗಳ ಬೆರಳು ಉಳಿಯುವುದಿಲ್ಲ. ಇಳಿಯುತ್ತಾ ಇಳಿಯುತ್ತಾ ಯೋಚನೆ ಮಾಡಿದೆ. ಅವರಿಗೆ ಬೇಕಾದದ್ದು ನಮ್ಮ ಮನೆಯಲ್ಲ. ಹೊಳೆ.

ರಾತ್ರಿ ಭಾವನನ್ನು ಮಹಡಿಯಿಂದ ಇಳಿಸಿ ಹಜಾರದ ಮೂಲೆಯಲ್ಲಿ ಕೂರಿಸಿದೆ. ಮಾತು ಕೊಟ್ಟವರು ಹತ್ತಿರ ಇರಲಿ ಅಂತ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕೂತಳು. ಬೀದಿ ಬಾಗಿಲು ಅಗಲವಾಗಿ ತೆರೆದಿಟ್ಟೆ. ದೀಪ ಆರಿಸಿದೆ.

ಥಪ್... ಥಪ್...

ಗುಬ್ಬಿಯನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದೆ. ಗೋಡೆಗೆ ಬಾಯಿ ಹಚ್ಚಿ ಹೇಳಿದೆ, "ಇಲ್ಲಿ ಬಾಗಿಲಿಲ್ಲ. ಆ ಮೇಷ್ಟ್ರು ಸುಳ್ಳು ಹೇಳಿದ್ರು. ಆದ್ರೆ ದಾರಿ ಇದೇ. ಮುಂದಿನ ಬಾಗಿಲು ತೆಗೆದಿದ್ದೀನಿ, ನೆಟ್ಟಗೆ ಹೋದ್ರೆ ಹೊಳೆ. ಮನೆಯೊಳಗಿಂದಲೇ ದಾಟಿ, ನಮ್ಮ ಅಡ್ಡಿ ಇಲ್ಲ. ಮಗು ಮಲಗಬೇಕು... ಮೆಲ್ಲಗೆ ಹೋಗಿ."

ತಟ್ಟುವುದು ನಿಂತಿತು.

ಬಂದು ಗುಬ್ಬಿಯನ್ನು ಅಪ್ಪಿಕೊಂಡು ಹಜಾರದ ನಡುವಿನ ಮಂಚದ ಮೇಲೆ ಮಲಗಿದೆ. ಕಣ್ಣು ಬಿಗಿಯಾಗಿ ಮುಚ್ಚಿದೆ. ಹಿಂದಿನ ಕೋಣೆಯ ಕಡೆಯಿಂದ ಮೊದಲು ಬಂದದ್ದು ಬಾವಿಯ ತಂಪು, ಪಾಚಿ ವಾಸನೆ. ಆಮೇಲೆ ಬರಿಗಾಲುಗಳು. ಪಟ್ಟ... ಪಟ್ಟ... ಪಟ್ಟ... ಒಂದು ಕೋಲು, ಟಕ್... ಟಕ್. ಬಿಂದಿಗೆಗೆ ಬಳೆ ತಾಗಿದ ಸದ್ದು, ಟಿಣ್. ಕಾಲೆಳೆದುಕೊಂಡು ನಡೆಯುವ ಯಾರೋ ಒಬ್ಬರು, ಸೊರ್... ಸೊರ್. ಆ ಮಗುವಿನ ಕೆಮ್ಮು ನನ್ನ ತಲೆಯ ಹತ್ತಿರ ಬಂತು... ಕಾಲಿನ ಹತ್ತಿರ ಹೋಯಿತು... ಹೊಸ್ತಿಲು ದಾಟಿತು. ಯಾರೂ ಒಂದು ಮಾತಾಡಲಿಲ್ಲ. ಎಷ್ಟು ಜನವೋ ನಾನು ಲೆಕ್ಕ ಇಡಲಿಲ್ಲ. ಹೊಳೆಯ ಕಡೆ ಬಹಳ ಹೊತ್ತಿನ ಮೇಲೆ ನೀರು ಬುಳುಕ್ ಅಂತು.

ಬೆಳಕು ಹರಿದ ಮೇಲೆ ಕಣ್ಣು ಬಿಟ್ಟೆ. ಗುಬ್ಬಿ ಗೊರಕೆ ಹೊಡೆಯುತ್ತಿದ್ದಳು. ನಾನು ಹಜಾರದ ನಡುವೆ ಮಲಗಿದ್ದೆನಲ್ಲ? ಮಂಚ ನಡುವೆ ಇರಲಿಲ್ಲ. ಪಕ್ಕದ ಗೋಡೆಗೆ ಒತ್ತಿ ನಿಂತಿತ್ತು. ನಾವಿಬ್ಬರೂ ಮೇಲಿರುವಾಗ... ಒಂದು ಕೀಚ್ ಅನ್ನದೆ. ನೆಲದ ಮೇಲೆ ಒಂದು ಗೀರಿಲ್ಲ. ಎತ್ತಿ ಇಟ್ಟಿದ್ದರು. ಹೊದಿಕೆಯನ್ನು ಗುಬ್ಬಿಯ ಕತ್ತಿನ ತನಕ ಎಳೆದು, ಕಾಲಿನ ಕಡೆ ಹಾಸಿಗೆಯ ಅಡಿಗೆ ಸೇರಿಸಿದ್ದರು. ನಾನು ಹಾಗೆ ಸೇರಿಸುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ಸೇರಿಸುವುದಿಲ್ಲ.

ಭಾವ ಮೂಲೆಯಲ್ಲಿ ಕಂಬಳಿಯೊಳಗೆ ಮುದುಡಿದ್ದರು. "ನನಗೆ ಸ್ವಲ್ಪ ನಿದ್ದೆ ಹತ್ತಿಬಿಟ್ಟಿತ್ತು ನೋಡು," ಅಂದರು. ನಿದ್ದೆಯಂತೆ! ರಾತ್ರಿಯೆಲ್ಲ ಅವರ ಹಲ್ಲು ಕಟಕಟ ಅಂದದ್ದು ಅಡುಗೆಮನೆಯ ತನಕ ಕೇಳಿದೆ ಅಂತ ಅಕ್ಕ ಇವತ್ತಿಗೂ ಹೇಳುತ್ತಾಳೆ.

ಮಧ್ಯಾಹ್ನ ಹೊಸ ಬೂಟು ಹಾಕಿಕೊಂಡು ಸಾಹೇಬರು ಬಂದರು. ಭಾವ ಟೊಪ್ಪಿ ಹಾಕಿಕೊಂಡು ಬಾವಿಯ ಹತ್ತಿರ ಭಾಷಣ ಮಾಡಿದರು. "ಈ ಪುರಾತನ ದಾರಿ ಇಲ್ಲಿಗೆ ಕೊನೆಯಾಗುತ್ತದೆ," ಅಂದರು. ಬಾಯಿ ಸ್ವಲ್ಪವೂ ನಡುಗಲಿಲ್ಲ. ಚಪ್ಪಾಳೆ ಬಿತ್ತು, ಫೋಟೋ ಬಂತು. ಪೇಪರಿನಲ್ಲಿ ನೋಡಿದ್ದೀರಲ್ಲ, ಅದೇ. ನಂಬದಿದ್ದರೆ ನಾಳೆ ಹಗಲು ಹೊತ್ತು ಮನೆಗೆ ಬನ್ನಿ, ಗೋಡೆಯ ಬುಡದಲ್ಲಿ ಗುಬ್ಬಿ ಕೆರೆದ ಗಾರೆ ತೋರಿಸುತ್ತೇನೆ. ನಾನೇನು ಬಳಗದವಳಲ್ಲ, ಇಲ್ಲದ್ದನ್ನು ಹೇಳಿ ನನಗೆ ಫೋಟೋ ಬರಬೇಕಾಗಿಲ್ಲ. ನಡೆದದ್ದು ನಡೆದ ಹಾಗೆ ಹೇಳಿದ್ದೇನೆ. ಆಮೇಲೆ ಗೋಡೆ ತಟ್ಟಿದ ಸದ್ದು ಕೇಳಿಲ್ಲ. ಗುಬ್ಬಿಯ ಬೆರಳು ವಾಸಿಯಾಗಿವೆ.

ಆ ಭಾನುವಾರ ರಾತ್ರಿ ಮಂಚವನ್ನು ಹಿಂದಿನ ಕೋಣೆಗೆ ಎಳೆಯಲು ಹೋದೆ. ಗುಬ್ಬಿ ಅದರ ಕಾಲು ಹಿಡಿದುಕೊಂಡು ಬಿಡಲಿಲ್ಲ. ಕೇಳಿದಳು...

"ಅಮ್ಮಾ, ಅವರು ವಾಪಸ್ ಮನೆಗೆ ಹೋಗುವಾಗ ನಾವು ಯಾವ ಕಡೆ ಮಲಗಿರಬೇಕು?"